ಮೂರು ದೋಣಿ, ಎರಡು ಗೂಟ

ಫೆಬ್ರವರಿ 9

ಅತ್ತೆಯವರಿಗೆ,

ಹೇಗಿದ್ದೀಯ ಎಂದು ಕೇಳಿದ್ದೀರಿ. ಇದ್ದೇನೆ. ನೀವು ಕಳಿಸಿದ ಪಾರ್ಸೆಲ್ ನಿನ್ನೆ ತಲುಪಿತು. ಆಟದ ದೋಣಿಗಳನ್ನು ಹಾಕಿಡುವ ಚೀಲ ಅರವತ್ತು ಎಂದು ಬರೆದಿದ್ದೀರಿ, ಎಣಿಸಿದರೆ ಅರವತ್ತೊಂದು ಇವೆ. ಹೆಚ್ಚಿಗೆ ಬಂದದ್ದನ್ನು ನನ್ನ ಕನ್ನಡಕಕ್ಕೆ ಇಟ್ಟುಕೊಂಡೆ. ಹೊಲಿಗೆ ಎಂದಿನಂತೆ ಒಂದೆಳೆ ಆಚೀಚೆ ಇಲ್ಲ. ದಾರ ಎಳೆದರೆ ಬಾಯಿ ಮುಚ್ಚುತ್ತದೆ, ಸಡಿಲಿಸಿದರೆ ತೆರೆಯುತ್ತದೆ. ಈ ಮನೆಯಲ್ಲಿ ಇಷ್ಟು ಸಲೀಸಾಗಿ ಕೆಲಸ ಮಾಡುವ ವಸ್ತು ಈಗ ಇದೊಂದೇ.

ಪಾರ್ಸೆಲ್ಲಿನ ಜೊತೆ ಚೀಟಿ ಇಡುವ ನಿಮ್ಮ ಉಪಾಯ ಒಳ್ಳೆಯದು. ಕಳೆದ ಭಾನುವಾರ ನಾವು ಹನ್ನೊಂದು ನಿಮಿಷ ಮಾತಾಡಿದ್ದೇವೆ ಎಂದು ಫೋನು ತೋರಿಸುತ್ತದೆ. ಅದರಲ್ಲಿ ಮಾತು ಎರಡು ನಿಮಿಷದ್ದು. ಉಳಿದದ್ದು ನಿಮ್ಮ ಕಡೆಯ ಫ್ಯಾನಿನ ಸದ್ದು, ನನ್ನ ಕಡೆಯ ಫ್ರಿಜ್ಜಿನ ಸದ್ದು. ಕಾಗದದಲ್ಲಾದರೆ ಸುಮ್ಮನಿರುವುದು ಕೇಳಿಸುವುದಿಲ್ಲ.

ಪ್ರೆಸ್ಸಿನವರು ನನ್ನ ಆಟದ ಪೆಟ್ಟಿಗೆಗಳನ್ನು ತಂದು ಇಳಿಸಿಹೋದರು. ಇನ್ನೂರು. ಹಾಲಿನ ಗೋಡೆಯುದ್ದಕ್ಕೂ ಜೋಡಿಸಿದೆ. ಸಾಲದೆ ನಿಮ್ಮ ಮಗ ಕೂರುತ್ತಿದ್ದ ಕುರ್ಚಿಯ ಮೇಲೂ ಎರಡು ಸಾಲು ಇಟ್ಟೆ. ಬೇಕೆಂದು ಇಟ್ಟದ್ದಲ್ಲ, ಜಾಗವಿರಲಿಲ್ಲ. ಬೇಕೆಂದೇ ಇಟ್ಟೆನೋ ಏನೋ, ಗೊತ್ತಾಗುತ್ತಿಲ್ಲ. ಈಗೀಗ ಎಷ್ಟೋ ವಿಷಯ ಗೊತ್ತಾಗುವುದಿಲ್ಲ. ಅವರು ಹೋಗಿ ಹತ್ತು ತಿಂಗಳು, ನೀವು ಮಗಳ ಮನೆಗೆ ಹೋಗಿ ಎಂಟು. ಇದನ್ನು ಕ್ಯಾಲೆಂಡರ್ ನೋಡಿ ಬರೆಯುತ್ತಿದ್ದೇನೆ.

ಪೆಟ್ಟಿಗೆಯ ಬೆನ್ನಿಗೆ ಹೀಗೆ ಅಚ್ಚಾಗಿದೆ, ತಪ್ಪಿದ್ದರೆ ಹೇಳಿ: “ಮೂರು ದೋಣಿ, ಎರಡು ಗೂಟ. ಪ್ರತಿ ಸುತ್ತಿನಲ್ಲೂ ಒಬ್ಬೊಬ್ಬರೂ ಒಂದು ಕಾರ್ಡನ್ನು ಮುಚ್ಚಿಡಿ: ‘ಹುಟ್ಟು ಹಾಕು’ ಇಲ್ಲವೇ ‘ಕಾಯು’. ಹುಟ್ಟು ಹಾಕಿದವರು ದಡ ಸೇರಿ ಸರಕು ಇಳಿಸುತ್ತಾರೆ. ಆದರೆ ದೋಣಿ ಕಟ್ಟಲು ಇರುವುದು ಎರಡೇ ಗೂಟ. ಮೂವರೂ ಹೊರಟರೆ ಮೂವರ ಸರಕೂ ನೀರುಪಾಲು. ಕಾಯುವವರು ಯಾರು? ಮೂವರು ಆಡುವ ಆಟ.”

ಮುಂದಿನ ವಾರ ಬೋರ್ಡ್ ಗೇಮ್ ಮೇಳ. ಮಳಿಗೆ ಸಿಕ್ಕಿದೆ. ಹೋಗುತ್ತೇನೆ.

ನಿಮ್ಮ ಸೊಸೆ

*

ಫೆಬ್ರವರಿ 15

ಸೊಸೆಗೆ,

ಅರವತ್ತೊಂದನೆಯದು ಎಣಿಕೆ ತಪ್ಪಿ ಬಂದದ್ದು. ಕನ್ನಡಕಕ್ಕೆ ಅದು ಬಿಗಿಯಾಗುತ್ತದೆ, ಅಳತೆ ಕಳಿಸು, ಬೇರೆ ಹೊಲಿಯುತ್ತೇನೆ.

ಮಗಳು ನನ್ನ ಹೊಲಿಗೆ ಮೆಷೀನನ್ನು ಬಟ್ಟೆ ಒಗೆಯುವ ಮೆಷೀನಿನ ಪಕ್ಕ ಇಟ್ಟಿದ್ದಾಳೆ. ಅದು ಗಡಗಡ ಎಂದಾಗಲೆಲ್ಲ ಇದೂ ನಡುಗುತ್ತದೆ. ಈಗ ಎರಡಕ್ಕೂ ಹೊಂದಾಣಿಕೆಯಾಗಿದೆ. ಅಳಿಯ ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ ಒಂದೇ ಮನೆಯಲ್ಲಿದ್ದೂ ಕಣ್ಣಿಗೆ ಬೀಳುವುದಿಲ್ಲ.

ಪೆಟ್ಟಿಗೆಯ ಬರಹ ಓದಿದೆ, ತಪ್ಪಿಲ್ಲ. ಕೊನೆಯ ಸಾಲನ್ನು ಬೆರಳಿಟ್ಟು ಓದಿದೆ. ಆಮೇಲೆ ಮೆಷೀನಿಗೆ ಎಣ್ಣೆ ಹಾಕಿದೆ.

ಮಳಿಗೆಯಲ್ಲಿ ಮುಖ ಗಂಟಿಕ್ಕಿಕೊಂಡು ಕೂರಬೇಡ. ನಿನ್ನ ಮುಖ ಸುಮ್ಮನಿದ್ದರೂ ಸಿಟ್ಟಾದಂತೆ ಕಾಣುತ್ತದೆ. ನಿನ್ನನ್ನು ಮೊದಲ ಸಲ ನೋಡಿದಾಗಲೇ ಇದನ್ನು ಹೇಳಿದ್ದೆ, ನಿನ್ನ ಗಂಡ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊತ್ತು ಹೊತ್ತಿಗೆ ಊಟ ಮಾಡು.

ಅತ್ತೆ

*

ಫೆಬ್ರವರಿ 25

ಅತ್ತೆಯವರಿಗೆ,

ಮೇಳ ಮುಗಿಯಿತು. ಎತ್ತರದ ತಗಡಿನ ಚಾವಣಿಯ ದೊಡ್ಡ ಹಾಲು, ನೆಲಕ್ಕೆ ಹಳದಿ ಟೇಪು ಅಂಟಿಸಿ ಗುರುತು ಮಾಡಿದ ಮಳಿಗೆಗಳು. ನನ್ನದು ಶೌಚಾಲಯಕ್ಕೆ ಹೋಗುವ ದಾರಿಯಲ್ಲಿತ್ತು. ಹಾಗಾಗಿ ಬಂದವರೆಲ್ಲ ಒಮ್ಮೆಯಾದರೂ ನನ್ನೆದುರು ಹಾದುಹೋದರು, ಆದರೆ ಅವಸರದಲ್ಲಿ. ವಾಪಸು ಬರುವಾಗ ನಿಧಾನವಾಗಿ ಬರುತ್ತಿದ್ದರು. ನಾನು ವಾಪಸು ಬರುವವರನ್ನಷ್ಟೇ ಮಾತಾಡಿಸಿದೆ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಈ ವಿದ್ಯೆ ಕೈವಶವಾಯಿತು.

ಪಕ್ಕದ ಮಳಿಗೆಯವಳು ದಾಳ ಮಾರುತ್ತಾಳೆ. ಗಾಜಿನವು, ಹಿತ್ತಾಳೆಯವು, ಇಪ್ಪತ್ತು ಮುಖದವು. ಎಲ್ಲರೂ ಅವಳನ್ನು ದಾಳದಕ್ಕ ಎನ್ನುತ್ತಾರೆ. ಬೆಳಿಗ್ಗೆಯೇ ನನ್ನತ್ತ ತಿರುಗಿ, “ಏನಮ್ಮಾ, ಆಟ ಮಾರೋಕೆ ಬಂದಿದೀಯೋ, ಪರೀಕ್ಷೆ ಹಾಲಲ್ಲಿ ಕಾವಲು ಕೂತಿದೀಯೋ? ಸ್ವಲ್ಪ ನಗು!” ಎಂದಳು. ನೀವೇ ಹೇಳಿ ಕಳಿಸಿದಂತಿತ್ತು. ನಕ್ಕೆ. ಕೆನ್ನೆ ನೋಯುವಷ್ಟು ನಕ್ಕೆ. ಒಳಗೆ ಏನೂ ಅಲುಗಾಡಲಿಲ್ಲ.

ನಲವತ್ತು ಸೆಕೆಂಡಿನಲ್ಲಿ ಆಟ ವಿವರಿಸುವುದನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅದು ಮುಗಿಯುತ್ತಿದ್ದಂತೆ ಜನ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಇಬ್ಬರು ಆಡಬಹುದಾ?” ನೋಟ್‌ಬುಕ್ಕಿನ ಹಿಂದೆ ಗೀಟು ಹಾಕುತ್ತಾ ಹೋದೆ. ಎರಡು ದಿನಕ್ಕೆ ಎಂಬತ್ತಾರು ಗೀಟು. ಗಂಡ ಹೆಂಡತಿ ಕೇಳಿದರು, ಒಂದೇ ರೂಮಿನ ಗೆಳತಿಯರು ಕೇಳಿದರು, ಒಬ್ಬ ತಾಯಿ ಮತ್ತು ಮಗಳು ಕೇಳಿದರು. “ಇಲ್ಲ, ಮೂರು ಜನ ಬೇಕು” ಎಂದೆ. ಆ ತಾಯಿ, “ನಮ್ಮನೇಲಿ ನಾವಿಬ್ಬರೇ ಕಣಮ್ಮ” ಎಂದು ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟರು. ನನ್ನ ಮನೆಯಲ್ಲಿ ನಾನೊಬ್ಬಳೇ ಎನ್ನಬಹುದಿತ್ತು. ವ್ಯಾಪಾರಕ್ಕೆ ಅದರಿಂದ ಉಪಯೋಗವಿಲ್ಲ.

ಆಡಿ ನೋಡಿದವರೆಲ್ಲ ಮೆಚ್ಚಿದ್ದು ಒಂದು ನಿಯಮವನ್ನು. ಸರಕಿನ ಲೆಕ್ಕದಲ್ಲಿ ಮುಂದಿರುವವರು ತಮ್ಮ ಕಾರ್ಡನ್ನು ಮುಚ್ಚಿಡುವಂತಿಲ್ಲ, ಎಲ್ಲರಿಗೂ ಕಾಣುವಂತೆ ಇಡಬೇಕು ಎನ್ನುವುದು. ಗಡ್ಡದವರೊಬ್ಬರು, “ಇದು ಹೇಗ್ರೀ ಹೊಳೀತು ನಿಮಗೆ?” ಎಂದರು. “ನಮ್ಮತ್ತೆ ವಿಪರೀತ ಗೆಲ್ತಿದ್ರು. ಅವರನ್ನ ಕಟ್ಟಿಹಾಕೋಕೆ ಮಾಡಿದ್ದು” ಎಂದೆ. ತಮಾಷೆ ಎಂದುಕೊಂಡು ಜೋರಾಗಿ ನಕ್ಕರು.

ಕೊನೆಯಲ್ಲಿ ಸಗಟು ವ್ಯಾಪಾರಿಯೊಬ್ಬರು ಬಂದರು. ಊರೂರಿನ ಅಂಗಡಿಗಳಿಗೆ ಆಟ ಕಳಿಸುವವರು. ಪೆಟ್ಟಿಗೆಯನ್ನು ಹಿಂದೆ ಮುಂದೆ ತಿರುಗಿಸಿ, “ಆಟ ಚೆನ್ನಾಗಿದೆ. ಆದ್ರೆ ಮೂರು ಜನ ಬೇಕು ಅಂತಿದ್ರೆ ಅಂಗಡಿಯವರು ಮುಟ್ಟಲ್ಲ. ಇಬ್ಬರಿಗೆ ಆಗೋ ಹಾಗೆ ಮಾಡ್ಕೊಂಡು ಮೇ ಮೇಳಕ್ಕೆ ತನ್ನಿ. ಎಲ್ಲಾ ಕಡೆಗೂ ನಾನೇ ಕಳಿಸ್ತೀನಿ” ಎಂದರು. ಆಗದಿದ್ದರೆ ಈ ಆಟ ಇಲ್ಲಿಗೇ ನಿಂತಂತೆ. ಮೂವತ್ತನಾಲ್ಕು ಪೆಟ್ಟಿಗೆ ಹೋದವು, ಉಳಿದವು ಮತ್ತೆ ಗೋಡೆಗೆ ಬಂದು ಒರಗಿವೆ.

ನಿಮ್ಮ ಸೊಸೆ

*

ಮಾರ್ಚ್ 6

ಸೊಸೆಗೆ,

ಇಬ್ಬರು ಆಡುವಂತೆ ಮಾಡು. ಅದೇನು ಬ್ರಹ್ಮವಿದ್ಯೆಯೇ? ಎರಡು ದೋಣಿ, ಒಂದು ಗೂಟ ಮಾಡಿದರಾಯಿತು. ಅಷ್ಟು ನನಗೂ ಹೊಳೆಯುತ್ತದೆ. ನನ್ನನ್ನು ಕಟ್ಟಿಹಾಕಲು ನಿಯಮ ಮಾಡಿದೆ ಎಂದು ಊರಿಗೆಲ್ಲ ಸಾರಿ ಬಂದೆಯಾ? ಇರಲಿ.

ಒಂದು ಮಾತು. ನಾನು ಚೀಲಕ್ಕೆ ಬಟ್ಟೆ ಕತ್ತರಿಸುತ್ತಿದ್ದಾಗ ಮಗಳು ಬಂದು ಪಕ್ಕದಲ್ಲಿ ಕೂತಳು. “ಅಮ್ಮಾ, ಅತ್ತಿಗೆಗೆ ಇನ್ನೂ ವಯಸ್ಸಿದೆ. ಅವರ ದಾರಿ ಅವರು ನೋಡ್ಕೋತಾರೆ. ಚೀಲ ಹೊಲ್ಕೊಂಡು ಎಷ್ಟು ದಿನ ಅಂತ ಅವರನ್ನ ಹಿಡ್ಕೊಂಡಿರ್ತೀಯ?” ಎಂದಳು. ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನು ಕತ್ತರಿ ನಿಲ್ಲಿಸಲಿಲ್ಲ.

ಇನ್ನು ಎಷ್ಟು ಚೀಲ ಬೇಕು ಬರೆ.

ಅತ್ತೆ

*

ಏಪ್ರಿಲ್ 11

ಅತ್ತೆಯವರಿಗೆ,

ಎರಡು ದೋಣಿ, ಒಂದು ಗೂಟ ಮಾಡಿ ನೋಡಿದೆ. ಆಗಲಿಲ್ಲ. ಇಬ್ಬರೇ ಇದ್ದರೆ ಅದು ಬರೀ ಹಟವಾಗುತ್ತದೆ, ನೀನು ಬಿಡು, ನೀನು ಬಿಡು ಎಂದು. ಮೂರನೆಯವರಿದ್ದರೆ ಮಾತ್ರ ಒಬ್ಬರ ಮುಖ ಇನ್ನೊಬ್ಬರು ನೋಡುತ್ತಾರೆ.

ಅದಕ್ಕೆ ಮೂರನೆಯ ದೋಣಿಯನ್ನು ಹಾಗೇ ಉಳಿಸಿಕೊಂಡೆ. ಅದಕ್ಕೆ ಆಳಿಲ್ಲ. ಹನ್ನೆರಡು ಕಾರ್ಡುಗಳ ಒಂದು ಕಟ್ಟು ಅದನ್ನು ನಡೆಸುತ್ತದೆ. ಸುತ್ತಿಗೊಂದು ಕಾರ್ಡು ತೆಗೆಯಬೇಕು, ಅದು ಹೇಳಿದಂತೆ ಆ ದೋಣಿ ಹೊರಡುತ್ತದೆ, ಇಲ್ಲವೇ ಕಾಯುತ್ತದೆ. ನಮ್ಮ ಕಸುಬಿನಲ್ಲಿ ಇದು ಹಳೆಯ ಉಪಾಯ.

ಕೈಯಿಂದ ಬರೆದ ಒಂದು ಕಟ್ಟನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ನಾದಿನಿಯನ್ನು ಕೂರಿಸಿಕೊಂಡು ಒಂದು ಆಟ ಆಡಿ ನೋಡಿ. ಇದಕ್ಕಿಂತ ಹೆಚ್ಚಿಗೆ ಹೇಳುವುದಿಲ್ಲ. ನಿಮಗೆ ಗೊತ್ತಲ್ಲ, ಹೊಸದನ್ನು ಪರೀಕ್ಷೆ ಮಾಡುವಾಗ ಮಾಡಿದವರು ಬಾಯಿ ಬಿಡಬಾರದು. ಆಡುವವರು ತಪ್ಪಿದರೂ ತಿದ್ದಬಾರದು, ಬೈದರೂ ಮಾತಾಡಬಾರದು, ಬರೆದುಕೊಳ್ಳುತ್ತಾ ಕೂತಿರಬೇಕು.

ಚೀಲ ಇನ್ನು ನಲವತ್ತು ಸಾಕು. ಅವಸರವಿಲ್ಲ.

ನಿಮ್ಮ ಸೊಸೆ

*

ಏಪ್ರಿಲ್ 20

ಸೊಸೆಗೆ,

ಆಡಿದೆವು. ಕೊನೆಯ ಸುತ್ತಿನಲ್ಲಿ ಕಾರ್ಡು ತೆಗೆದೆ. ‘ಕಾಯು’ ಎಂದಿತ್ತು. ಕೊನೆಯ ಸುತ್ತಿನಲ್ಲಿ ಯಾರಾದರೂ ಕಾಯುತ್ತಾರೆಯೇ? ಇನ್ನು ಯಾವ ಸುತ್ತಿಗೆಂದು? ಹಾಗೆ ಮಾಡುವವನು ಲೋಕದಲ್ಲಿ ಒಬ್ಬನೇ ಇದ್ದ.

ತಲೆನೋವು ಎಂದು ಮಗಳಿಗೆ ಹೇಳಿ ಎದ್ದುಬಿಟ್ಟೆ. ನನಗೆ ಹೇಳದೆ ಇದನ್ನು ಮಾಡಿದ್ದೀಯೆ.

ಅತ್ತೆ

*

ಮೇ 19

ಅತ್ತೆಯವರಿಗೆ,

ತಿಂಗಳಾಯಿತು, ಉತ್ತರ ಬರೆಯಲಿಲ್ಲ. ಏನು ಬರೆಯಬೇಕೆಂದು ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ, ಆದದ್ದನ್ನು ಆದಂತೆ ಬರೆಯುತ್ತೇನೆ.

ಹೌದು, ಆ ಕಟ್ಟು ಅವರೇ. ನಾವು ಮೂವರೂ ಊಟದ ಮೇಜಿನ ಮೇಲೆ ಆಡಿದ ನಲವತ್ತೊಂದು ಆಟಗಳನ್ನು ಸುತ್ತು ಸುತ್ತಾಗಿ ಬರೆದಿಟ್ಟಿದ್ದೆನಲ್ಲ, ಆ ಆರು ನೋಟ್‌ಬುಕ್ಕುಗಳನ್ನು ಮುಂದಿಟ್ಟುಕೊಂಡು ಒಂಬತ್ತು ದಿನ ಕೂತೆ. ಅವರು ಎಲ್ಲಿ ಹೊರಟರು, ಎಲ್ಲಿ ಕಾದರು ಎಂದು ಎಣಿಸಿದೆ. ಮುಂದಿರುವವರು ಹೊರಟರೆ ಅವರು ಕಾಯುತ್ತಿದ್ದರು. ಎರಡು ಸಲ ಕಾದ ಮೇಲೆ ಒಂದು ಸಲ ಹೊರಡುತ್ತಿದ್ದರು. ಕೊನೆಯ ಸುತ್ತಿನಲ್ಲಿ ಹೆಚ್ಚುಕಡಿಮೆ ಯಾವಾಗಲೂ ಕಾಯುತ್ತಿದ್ದರು. ಅದೆಲ್ಲವನ್ನೂ ‘ಕೊನೆಯ ಸುತ್ತಾದರೆ ಕಾಯು’ ಎಂಬಂಥ ಷರತ್ತುಗಳಾಗಿ ಹನ್ನೆರಡು ಕಾರ್ಡಿಗೆ ಇಳಿಸಿದೆ. ಅಳು ಬರಲಿಲ್ಲ. ಸರಾಸರಿ ಬಂತು. ಕೆಲಸ ಮುಗಿದ ಮೇಲೆ ಚಹಾ ಮಾಡಿಕೊಂಡು ಕುಡಿದೆ.

ನಿಮಗೆ ಮೊದಲೇ ಹೇಳಬೇಕಿತ್ತು. ಹೇಳದಿರುವುದು ಕಸುಬಿನ ಪದ್ಧತಿ ಎಂದುಕೊಂಡೆ. ಅದು ಹೊಸಬರಿಗೆ ಇರುವ ಪದ್ಧತಿ, ತಾಯಿಗಲ್ಲ. ಇಷ್ಟು ಸಾಮಾನ್ಯ ವಿವೇಕ ನನಗಿರಲಿಲ್ಲ.

ಮೇ ಮೇಳಕ್ಕೆ ಆ ಕಟ್ಟನ್ನು ಒಯ್ದೆ. ಈ ಸಲ ಮಳಿಗೆ ಬಾಗಿಲ ಬಳಿಯೇ ಸಿಕ್ಕಿತು. ಮೇಜಿನ ಮೇಲೆ ಆಟ ಹರಡಿ, “ಇಬ್ಬರೂ ಆಡಬಹುದು” ಎಂದು ದೊಡ್ಡದಾಗಿ ಬರೆದಿಟ್ಟೆ. ಮೊದಲು ಕೂತವರು ಹೊಸದಾಗಿ ಮದುವೆಯಾದಂತಿದ್ದ ಜೋಡಿ. ಮೂರನೆಯ ಸುತ್ತಿಗೆಲ್ಲ ಅವಳು ನಗಲು ಶುರುಮಾಡಿದಳು. “ಅಯ್ಯೋ, ಈ ಪೆದ್ದ ದೋಣಿ ನೋಡೋ, ಮತ್ತೆ ಕಾಯ್ತಾ ಕೂತಿದೆ!” ಅವನು, “ಸೋಮಾರಿ ಕಣೇ ಅದು. ನಮಗೆ ಒಳ್ಳೇದೇ ಆಯ್ತು ಬಿಡು” ಎಂದ. ಕೊನೆಯ ಸುತ್ತಿನಲ್ಲಿ ಮತ್ತೆ ಅದೇ ಕಾರ್ಡು ಬಂದಾಗ ಅವಳು ಮೇಜು ಬಡಿದು ನಕ್ಕಳು. “ಯಾರ್ರೀ ಇದನ್ನ ಮಾಡಿದ್ದು? ಬುದ್ಧಿ ಬೇಡ್ವಾ ಇದಕ್ಕೆ?” ಎಂದು ನನ್ನನ್ನೇ ಕೇಳಿದಳು.

ನಾನು ಬಾಯಿ ಬಿಡುವಂತಿರಲಿಲ್ಲ. “ಇಬ್ಬರೂ ನಕ್ಕರು, ಒಳ್ಳೆಯ ಲಕ್ಷಣ” ಎಂದು ನೋಟ್‌ಬುಕ್ಕಿನಲ್ಲಿ ಬರೆದೆ.

ಸಂಜೆಯ ಹೊತ್ತಿಗೆ ಆ ಹೆಸರು ಹಾಲಿನಲ್ಲೆಲ್ಲ ಹಬ್ಬಿತ್ತು. “ಸೋಮಾರಿ ದೋಣಿ ಆಟ ಎಲ್ಲಿ?” ಎಂದು ಕೇಳಿಕೊಂಡು ಬರುತ್ತಿದ್ದರು. ಸಾಲು ನಿಂತಿತ್ತು. ದಾಳದಕ್ಕ ನನ್ನ ಬೆನ್ನು ತಟ್ಟಿ, “ಗೆದ್ದೆ ಕಣೇ” ಎಂದಳು. ಸಗಟಿನವರು ಬಂದು ಆಡುವವರ ಹಿಂದೆ ನಿಂತು ನೋಡಿದರು, ಖುಷಿಯಾದರು, “ಈ ಕಟ್ಟನ್ನ ಹಾಗೇ ಅಚ್ಚು ಹಾಕ್ಸಿ” ಎಂದರು. ನಾನು ಮೇಜಿನಿಂದ ಹನ್ನೆರಡು ಕಾರ್ಡುಗಳನ್ನು ಬಾಚಿಕೊಂಡು ಬ್ಯಾಗಿಗೆ ಹಾಕಿದೆ. ಅಲ್ಲಿ ಆಡುತ್ತಿದ್ದವರ ಆಟ ಅರ್ಧಕ್ಕೇ ನಿಂತಿತು. “ಇದು ಮಾರಾಟಕ್ಕಿಲ್ಲ” ಎಂದೆ. “ತಲೆ ಕೆಟ್ಟಿದೆಯಾ ಮೇಡಂ? ಜನ ಇಷ್ಟಪಡ್ತಿರೋದೇ ಇದನ್ನಲ್ವಾ?” ಎಂದರು. ಜೂನ್ ಕೊನೆಯವರೆಗೆ ಯೋಚಿಸಲು ಹೇಳಿ ಹೋದರು.

ಯೋಚಿಸಲು ಏನೂ ಇಲ್ಲ. ಅವರನ್ನು ಪೆಟ್ಟಿಗೆಗೆ ತುಂಬಿ, ಕಂಡವರು ಪೆದ್ದ ಎನ್ನುವುದಕ್ಕೆ ಊರೂರಿಗೆ ಕಳಿಸಲಾರೆ. ಬೇರೆ ಥರ ಮಾಡಲು ನನಗೆ ಬರುವುದಿಲ್ಲ. ಆಟವನ್ನು ಇಲ್ಲಿಗೇ ನಿಲ್ಲಿಸುತ್ತಿದ್ದೇನೆ. ಇನ್ನು ಚೀಲ ಹೊಲಿಯಬೇಡಿ. ನಾದಿನಿ ಹೇಳಿದ್ದೂ ಸರಿಯಿರಬಹುದು. ಚೀಲವಿಲ್ಲದಿದ್ದರೆ ನಮ್ಮಿಬ್ಬರ ನಡುವೆ ಕಾಗದ ಬರೆಯುವಂಥದ್ದು ಏನಿದೆಯೋ ನನಗೆ ತಿಳಿಯದು.

ನಿಮ್ಮ ಮೇಲೆ ಬೇಸರವಿಲ್ಲ. ಯಾವುದರ ಮೇಲೂ ಇಲ್ಲ.

ನಿಮ್ಮ ಸೊಸೆ

*

ಮೇ 27

ಸೊಸೆಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಇವತ್ತು ಮೆಷೀನು ಮುಚ್ಚಿಟ್ಟು ಬರೆಯಲು ಕೂತಿದ್ದೇನೆ. ಇದನ್ನು ಯಾರಿಗೂ ಹೇಳಬಾರದೆಂದಿದ್ದೆ. ಹೇಳದಿದ್ದರೆ ನೀನು ಹಾಳಾಗುತ್ತೀಯ, ಅದಕ್ಕೇ ಹೇಳುತ್ತೇನೆ.

ನಾವು ನಿನಗೆ ಮೋಸ ಮಾಡಿದೆವು. ನಾನು ಮತ್ತು ನನ್ನ ಮಗ.

ಮೊದಲ ಮೂರು ಆಟ ನೆನಪಿದೆಯಾ? ಮೂರರಲ್ಲೂ ನಾನು ಮಣ್ಣು ಮುಕ್ಕಿದೆ. ಸೋಲುವುದು ನನಗೆ ಆಗಿಬರುವುದಿಲ್ಲ, ಸಣ್ಣವಳಿದ್ದಾಗಿನಿಂದ ಹಾಗೇ. ಮೂರನೆಯದು ಮುಗಿದಾಗ, “ಇದೆಲ್ಲ ನಿಮ್ಮ ಕಾಲದವರ ಆಟ, ನನಗೆ ಹೊಲಿಗೆ ಇದೆ” ಎಂದು ಎದ್ದು ಹೋದೆ. ನಿನ್ನ ಮುಖ ಚಿಕ್ಕದಾಯಿತು. ನೀನು ನೋಟ್‌ಬುಕ್ಕು ಮುಚ್ಚಿದೆ.

ಅವನು ನನ್ನ ಹಿಂದೆಯೇ ರೂಮಿಗೆ ಬಂದ. “ಅಮ್ಮಾ, ಆ ಆಟಕ್ಕೆ ಮೂರು ಜನ ಬೇಕು. ನೀನು ಎದ್ದರೆ ಅವಳ ಆಟವೇ ಇಲ್ಲ. ಎರಡು ವರ್ಷದಿಂದ ತಲೆ ಕೆಡಿಸ್ಕೊಂಡಿದಾಳೆ” ಎಂದ. “ನನ್ನ ಕೈಲಿ ಆಗಲ್ಲಪ್ಪ, ಸೋತು ಸೋತು ಸಾಕಾಯ್ತು” ಎಂದೆ. ಅವನು ಸ್ವಲ್ಪ ಯೋಚಿಸಿದ. “ಸರಿ, ನಾನು ಕಾಯೋದಾದ್ರೆ ಮೇಜಿನ ಕೆಳಗೆ ನಿನ್ನ ಕಾಲು ಒತ್ತುತೀನಿ. ಆಗ ನೀನು ಧೈರ್ಯವಾಗಿ ಹೋಗು. ಒತ್ತಲಿಲ್ಲ ಅಂದ್ರೆ ನೀನೇ ಕಾಯಿ” ಎಂದ. ನಾನು ಬೇಡ ಎನ್ನಲಿಲ್ಲ. ನಾಚಿಕೆಗೇಡು, ಆದರೆ ಬೇಡ ಎನ್ನಲಿಲ್ಲ.

ನಾಲ್ಕನೆಯ ಆಟದಿಂದ ಹಾಗೇ ನಡೆಯಿತು. ನೀನು ತಲೆ ಬಗ್ಗಿಸಿ ಬರೆಯುತ್ತಿದ್ದೆ, ನಿನಗೆ ಕಾಣುತ್ತಿರಲಿಲ್ಲ. “ಅತ್ತೆಯ ಊಹೆ ತಪ್ಪುವುದೇ ಇಲ್ಲ” ಎಂದು ನೀನು ಬರೆದದ್ದನ್ನು ಅವನು ನನಗೆ ಓದಿ ಹೇಳಿದ್ದ. ಇಬ್ಬರೂ ಅಡುಗೆಮನೆಯಲ್ಲಿ ಬಾಯಿಗೆ ಕೈಯಿಟ್ಟುಕೊಂಡು ನಕ್ಕೆವು. ಆಮೇಲೆ ನನ್ನನ್ನು ಕಟ್ಟಿಹಾಕಲು ನೀನು ಆ ನಿಯಮ ತಂದೆಯಲ್ಲ, ಮುಂದಿರುವವರು ಕಾರ್ಡನ್ನು ತೆರೆದಿಡಬೇಕೆಂದು? ಅದರಿಂದ ನಮಗೆ ಇನ್ನೂ ಸುಲಭವಾಯಿತು. ನನ್ನ ಕಾರ್ಡು ಎದುರಿಗೇ ಇರುತ್ತಿತ್ತು, ಅವನು ನೋಡಿಕೊಂಡು ಕಾಯುತ್ತಿದ್ದ. ಕಾಲು ಒತ್ತುವ ಶ್ರಮವೂ ತಪ್ಪಿತು. ಆ ನಿಯಮವನ್ನು ಜನ ಹೊಗಳಿದರು ಎಂದು ಓದಿದಾಗ ನನಗೆ ಊಟ ಸೇರಲಿಲ್ಲ.

ಕೊನೆಯ ಸುತ್ತಿನಲ್ಲಿ ಯಾಕೆ ಕಾಯುತ್ತಿದ್ದ ಎಂದರೆ, ನಾನು ಗೆದ್ದು ಏಳಲಿ, ನಾಳೆ ಮತ್ತೆ ಬಂದು ಕೂರಲಿ ಎಂದು. ಅಷ್ಟೇ. ಅವನು ಪೆದ್ದನಲ್ಲ. ಅಪ್ಪನ ಜೊತೆ ಚದುರಂಗಕ್ಕೆ ಕೂತರೆ ಅವರನ್ನು ಅಳಿಸಿಬಿಡುತ್ತಿದ್ದ. ನಿನ್ನ ಆಟವನ್ನು ಅವನು ನಿಜವಾಗಿ ಆಡಿದ್ದು ಮೊದಲ ಮೂರೇ ಸಲ, ಮೂರರಲ್ಲೂ ಅವನೇ ಗೆದ್ದ. ನೋಟ್‌ಬುಕ್ಕು ತೆಗೆದು ನೋಡು.

ಹಾಗಾಗಿ ಆ ಹನ್ನೆರಡು ಕಾರ್ಡಿನಲ್ಲಿ ಇರುವುದು ಅವನಲ್ಲ. ಅದು ನಾವಿಬ್ಬರೂ ಸೇರಿ ಮಾಡಿದ ಮೋಸ. ಅದನ್ನು ಜನ ಪೆದ್ದ ಎನ್ನಲಿ, ಸೋಮಾರಿ ಎನ್ನಲಿ, ನನ್ನ ಮಗನಿಗೆ ತಾಗುವುದಿಲ್ಲ. ನನಗೆ ತಾಗಬೇಕಾದದ್ದು. ನೀನು ಅಚ್ಚು ಹಾಕಿಸು. ಧೈರ್ಯವಾಗಿ ಮಾರು.

ನಿನ್ನ ನಲವತ್ತೊಂದು ಆಟಗಳನ್ನು ಹಾಳು ಮಾಡಿದವಳು ನಾನು. ಇದನ್ನು ಓದಿದ ಮೇಲೆ ನೀನು ಬರೆಯದಿದ್ದರೆ ನಾನು ಏನೂ ಅಂದುಕೊಳ್ಳುವುದಿಲ್ಲ. ಸುಳ್ಳು. ಅಂದುಕೊಳ್ಳುತ್ತೇನೆ.

ಅತ್ತೆ

*

ಜೂನ್ 4

ಅತ್ತೆಯವರಿಗೆ,

ನಿಮ್ಮ ಕಾಗದವನ್ನು ನಿಂತುಕೊಂಡೇ ಓದಿದೆ. ಆಮೇಲೆ ಮೊದಲ ನೋಟ್‌ಬುಕ್ಕು ತೆಗೆದು ನೋಡಿದೆ. ಮೊದಲ ಮೂರು ಆಟ ಅವರೇ ಗೆದ್ದಿದ್ದಾರೆ, ಅದೂ ಎಂಥ ಅಂತರದಲ್ಲಿ! “ಹೊಸಬರ ಅದೃಷ್ಟ” ಎಂದು ಪಕ್ಕದಲ್ಲಿ ಬರೆದುಕೊಂಡಿದ್ದೇನೆ. ನನ್ನ ಜಾಣತನಕ್ಕೆ ಏನು ಹೇಳಲಿ. ಮುಂದಿನ ಮೂವತ್ತೆಂಟು ಆಟಗಳಲ್ಲಿ ಅವರು ಒಂದನ್ನೂ ಗೆದ್ದಿಲ್ಲ. ನಾನು ಅದನ್ನು ಅವರ ಸ್ವಭಾವ ಎಂದುಕೊಂಡು ಸರಾಸರಿ ತೆಗೆಯುತ್ತಾ ಕೂತಿದ್ದೆ.

ಅತ್ತೆ, ನನಗೆ ಸಿಟ್ಟು ಬಂತು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ನಿಮ್ಮ ಮಗನ ಮೇಲೆ ಕಾಲಿನಿಂದ ತಲೆಯವರೆಗೆ ಸಿಟ್ಟು ಬಂತು. ಕೆಲಸದಿಂದ ಬಂದು ಶೂ ಬಿಚ್ಚಲು ಕೂತವರು ಎದ್ದೇಳದೆ ಹೋದಾಗ ಕೂಡ ಬಂದಿರಲಿಲ್ಲ. ನೋಟ್‌ಬುಕ್ಕನ್ನು ಗೋಡೆಗೆ ಬೀಸಿ ಎಸೆದೆ. ಪೆಟ್ಟಿಗೆಗಳ ಒಂದು ಸಾಲು ಪೂರ್ತಿ ಉರುಳಿತು, ಮರದ ದೋಣಿಗಳು ಸೋಫಾದ ಅಡಿಗೆಲ್ಲ ಹೋದವು. “ಎರಡು ವರ್ಷ ನನ್ನ ಮೇಜಿನಲ್ಲೇ ಕೂತು ನನಗೇ ಟೋಪಿ ಹಾಕಿದ್ರಲ್ಲಾ!” ಎಂದು ಖಾಲಿ ಹಾಲಿನಲ್ಲಿ ಕೂಗಿದೆ. ಪಕ್ಕದ ಮನೆಯವರು ಬಾಗಿಲು ತಟ್ಟಿ, “ಎಲ್ಲಾ ಸರಿ ಇದೆಯಾ?” ಎಂದು ಕೇಳಿದರು. ಇಲ್ಲ ಎಂದೆ. ಆಮೇಲೆ ನೆಲದ ಮೇಲೆ ಕೂತು, ದೋಣಿಗಳನ್ನು ಹೆಕ್ಕುತ್ತಾ ಹೆಕ್ಕುತ್ತಾ ಅಳು ಬಂತು. ತುಂಬಾ ಹೊತ್ತು ಬಂತು.

ಸಗಟಿನವರಿಗೆ ಫೋನು ಮಾಡಿ ಒಪ್ಪಿಕೊಂಡೆ. ಆದರೆ ಕಟ್ಟನ್ನು ಸರಿಯಾಗಿ ಪರೀಕ್ಷೆ ಮಾಡದೆ ಅಚ್ಚಿಗೆ ಕೊಡುವುದಿಲ್ಲ ಎಂದಿದ್ದೇನೆ. ನನ್ನ ನಲವತ್ತೊಂದು ಆಟಗಳೂ ನೀರುಪಾಲಾಗಿವೆ. ಅವನ್ನು ಮೊದಲಿನಿಂದ ಆಡಬೇಕು, ಈ ಸಲ ಪ್ರಾಮಾಣಿಕವಾಗಿ. ಹಾಳು ಮಾಡಿದವರು ಬಂದು ಸರಿಮಾಡಿಕೊಡಬೇಕು. ಅದು ನ್ಯಾಯ.

ನೀವು ಗೆಲ್ಲುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಬಿಟ್ಟುಕೊಡುವವಳಲ್ಲ, ನನಗೆ ಆ ಗುಣವಿಲ್ಲ. ಆದರೂ ಬನ್ನಿ. ಚೀಲಕ್ಕೆ ಅಲ್ಲ, ಆಟಕ್ಕೂ ಅಲ್ಲ. ನೀವಿಲ್ಲದೆ ಮನೆ ಬಿಕೋ ಎನ್ನುತ್ತದೆ. ಇದನ್ನು ಬರೆಯಲು ನನಗೆ ಒಂದು ವರ್ಷ ಬೇಕಾಯಿತು.

ನಿಮ್ಮ ಸೊಸೆ

*

ಜೂನ್ 23

ಸೊಸೆಗೆ,

ನಿನ್ನ ಮನೆಯಿಂದ ವಾಪಸು ಬರುವ ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ನೀನು ಕಟ್ಟಿಕೊಟ್ಟ ಊಟವನ್ನು ಅರ್ಧ ದಾರಿಯಲ್ಲೇ ಮುಗಿಸಿದೆ. ಉಪ್ಪು ಕಡಿಮೆ, ಆದರೆ ಹೇಳಲು ಬಡಿಸುವವಳು ಎದುರಿಗಿರಲಿಲ್ಲ, ಅದಕ್ಕೆ ಈಗ ಹೇಳುತ್ತಿದ್ದೇನೆ.

ಎರಡು ದಿನದಲ್ಲಿ ನಾಲ್ಕು ಆಟ, ನಾಲ್ಕರಲ್ಲೂ ಸೋತೆ. ಒಂದರಲ್ಲಂತೂ ಆ ಆಳಿಲ್ಲದ ದೋಣಿಗಿಂತಲೂ ಹಿಂದೆ ಬಿದ್ದೆ. ನೀನು ಒಂದು ಸಲವೂ ಕನಿಕರ ತೋರಿಸಲಿಲ್ಲ. ಮೇಳದಲ್ಲಿ ಜನ ನಿನ್ನನ್ನು ನೋಡಿ ಯಾಕೆ ಹೆದರುತ್ತಾರೆ ಎಂದು ಈಗ ಅರ್ಥವಾಯಿತು.

ಮೂರನೆಯ ಆಟದಲ್ಲಿ ಒಂದು ಕ್ಷಣ ಏನು ಮಾಡಬೇಕೆಂದು ತೋಚಲಿಲ್ಲ. ಹೋಗಲೋ, ಕಾಯಲೋ. ಆಗ ನನ್ನ ಕಾಲು ತಾನಾಗಿಯೇ ಮೇಜಿನ ಕೆಳಗೆ ಪಕ್ಕಕ್ಕೆ ಸರಿಯಿತು. ಅಲ್ಲಿ ಯಾರ ಕಾಲೂ ಇರಲಿಲ್ಲ. ಅಲ್ಲೇ ಇಟ್ಟುಕೊಂಡು ಕೂತಿದ್ದೆ. ನೀನು ನೋಡಿದೆ, ನನಗೆ ಗೊತ್ತು. ಆಟ ಸೋತ ಮೇಲೆ ಎದ್ದು ಒಳಗೆ ಹೋಗಿಬಿಡೋಣ ಎನಿಸಿತು. ಕುರ್ಚಿ ಹಿಂದಕ್ಕೆ ತಳ್ಳಿಯೂ ಆಗಿತ್ತು.

ಎದ್ದು ಹೋಗಲಿಲ್ಲ. ನಾಲ್ಕನೆಯದಕ್ಕೆ ಕಾರ್ಡು ಕಲೆಸಿದವಳು ನಾನೇ. ನಿನ್ನ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದಿದ್ದೀಯೋ ಇಲ್ಲವೋ, ಬರೆದಿರದಿದ್ದರೆ ಬರೆದುಕೋ.

ಇನ್ನು ನಿನ್ನ ಜೊತೆಯೇ ಇರುತ್ತೇನೆ ಎಂದು ಮಗಳಿಗೆ ಹೇಳಿದ್ದೇನೆ. ಅವಳು ಸ್ವಲ್ಪ ಅತ್ತಳು, ಆಮೇಲೆ ಅವಳೇ ನನ್ನ ಮೆಷೀನನ್ನು ಒರೆಸಿ ಹಳೆಯ ಕಂಬಳಿಯಲ್ಲಿ ಸುತ್ತಿ ಕಟ್ಟಿದಳು. ಐದನೇ ತಾರೀಕಿನ ಬೆಳಗಿನ ಬಸ್ಸಿಗೆ ಬರುತ್ತೇನೆ. ಮೆಷೀನು ಭಾರವಿದೆ, ನಿಲ್ದಾಣಕ್ಕೆ ಆಟೋ ಕರೆದುಕೊಂಡು ಬಾ. ಇನ್ನೂ ಮೂವತ್ತೇಳು ಸೋಲುವುದಿದೆ.

ಅತ್ತೆ